ಕಿರಂಗೂರಿನ ಚಿಕ್ಕಸ್ವಾಮಿ, ಬಿ.ಎ.

ಕಿರಂಗೂರಿನ ಚಿಕ್ಕಸ್ವಾಮಿ ಬಿ.ಎ. ಪಾಸಾದದ್ದು ದ್ಯಾವಯ್ಯನ ಟೀ ಅಂಗಡಿಯ ಬೆಂಚಿನ ಮೇಲೆ. ಪರೀಕ್ಷೆ ಬರೆಯಲಿಲ್ಲ, ಪುಸ್ತಕ ಮುಟ್ಟಲಿಲ್ಲ. ಕೈಯಲ್ಲಿದ್ದ ಟೀ ಆರುವುದರೊಳಗೆ ಪದವೀಧರನಾಗಿದ್ದ. ಇಷ್ಟು ಬೇಗ ಪಾಸಾದವರು ಆ ತಾಲ್ಲೂಕಿನಲ್ಲಿ ಮತ್ತೊಬ್ಬರಿಲ್ಲ, ಪಾಸಾಗಿ ಇಷ್ಟು ಕಷ್ಟಪಟ್ಟವರೂ ಇರಲಿಕ್ಕಿಲ್ಲ.

ಆದದ್ದು ಹೀಗೆ. ಅವನ ಒಬ್ಬಳೇ ಮಗಳು ಅರ್ಪಿತ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಮೈಸೂರಿನಲ್ಲಿ ಸೀಟು ತಪ್ಪಿ, ನಾಗಮಂಗಲದ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಸೂಕ್ಷ್ಮಜೀವಿಶಾಸ್ತ್ರಕ್ಕೆ ಸಿಕ್ಕಿತ್ತು. ಅಲ್ಲಿಯ ಫೀಸು ಕೇಳಿ ಚಿಕ್ಕಸ್ವಾಮಿಗೆ ಕೂತಲ್ಲೇ ಬೆವರು ಬಂತು. ಕಬ್ಬು ಮಾರಿ ಕೂಡಿಟ್ಟಿದ್ದ ದುಡ್ಡಿಗೆ ಅವನು ಆಗಲೇ ಮನಸ್ಸಿನಲ್ಲಿ ಎರಡು ಎಚ್ಚೆಫ್ ಸೀಮೆಹಸು ಕಟ್ಟಿಬಿಟ್ಟಿದ್ದ. ಅವಕ್ಕೆ ಹೆಸರೂ ಇಟ್ಟಾಗಿತ್ತು. ಈಗ ಆ ಹಸುಗಳ ಹಗ್ಗ ಬಿಚ್ಚಿ ವಿಶ್ವವಿದ್ಯಾಲಯದ ಗೇಟಿನೊಳಕ್ಕೆ ಅಟ್ಟಬೇಕೆಂದರೆ ಯಾವ ತಂದೆಯ ಕರುಳು ಚುರುಕ್ಕೆನ್ನುವುದಿಲ್ಲ?

"ಓದ್ಸಪ್ಪಾ ಉಡ್ಗೀನ. ನನ್ ಮಗ ಬಿ.ಕಾಂ. ಮಾಡ್ದ, ಈಗ ಪಾಂಡವಪುರದಲ್ಲಿ ಫ್ಯಾನ್ ಕೆಳಗೆ ಕೂತವ್ನೆ," ಎಂದ ಬಡಗಿ ಕಾಳಪ್ಪ. ಅವನ ಮಗ ಅಭಿಲಾಷ ಒಂದು ಫೈನಾನ್ಸ್ ಆಫೀಸಿನಲ್ಲಿದ್ದ.

"ಓದಿ ಏನ್ ಕಡ್ದು ಗುಡ್ಡೆ ಆಕ್ತಾರ್ಲಾ?" ಎಂದ ಚಿಕ್ಕಸ್ವಾಮಿ. "ಕಣ್ಗೆ ಕಾಣದ ಉಳ ನೋಡಕೆ ಮೂರು ವರ್ಸ ಬೇಕಾ? ಅದೇ ದುಡ್ಗೆ ಎರಡು ಎಚ್ಚೆಫ್ ಅಸ ಬತ್ತವೆ. ಒತ್ತಿಗೆ ಎಂಟು ಲೀಟ್ರು ಆಲು. ಡಿಗ್ರೀನ ಕೂತ್ಕಂಡು ಕರುದ್ರೆ ಏನ್ ಬತ್ತದೆ? ನೊರೆನೂ ಬರಕಿಲ್ಲ."

ಬೆಂಚಿನವರು ನಕ್ಕರು. ಮಾತು ಅಲ್ಲಿಗೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಾಳಪ್ಪ ಉಳಿ ಹಿಡಿದ ಮನುಷ್ಯ, ಸಂದು ಕಂಡರೆ ಸುಮ್ಮನೆ ಬಿಡುವವನಲ್ಲ.

"ಓಳಿಗೆ ತಿಂದೋನ್ಗಲ್ವಾ ರುಚಿ ಗೊತ್ತಾಗದು? ಕಾಲೇಜ್ ಮೆಟ್ಲು ಅತ್ದೆ ಇರೋನು ಡಿಗ್ರಿ ಸಪ್ಪೆ ಅಂದ್ರೆ ಯಾವನ್ಲಾ ನಂಬ್ತಾನೆ?"

ಈ ಸಲದ ನಗು ಚಿಕ್ಕಸ್ವಾಮಿಯ ಮೇಲೆ. ಅವನ ಕಿವಿ ಕೆಂಪಾಯಿತು. ಎದ್ದು ನಿಂತ.

"ತಿಂದಿವ್ನಿ ಕಣ್ಲಾ! ಮೈಸೂರಲ್ಲಿ ಮೂರು ವರ್ಸ, ಬಿ.ಎ.! ಅದ್ಕೇ ಯೋಳ್ತಾ ಇರದು, ಮೂರು ಕಾಸಿನ್ ಪ್ರಯೋಜನ ಇಲ್ಲ ಅಂತ!"

ದ್ಯಾವಯ್ಯನ ಕೈಯಲ್ಲಿದ್ದ ಸೋಸುವ ಬಟ್ಟೆ ಅರ್ಧದಲ್ಲೇ ನಿಂತಿತು.

ಸುಳ್ಳಿಗೆ ತಲೆ ಬುಡ ಇರುವುದಿಲ್ಲ ಎನ್ನುತ್ತಾರೆ. ಚಿಕ್ಕಸ್ವಾಮಿಯ ದುರದೃಷ್ಟಕ್ಕೆ ಈ ಸುಳ್ಳಿಗೆ ಎರಡೂ ಇದ್ದವು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಮೂರು ವರ್ಷ ಮೈಸೂರಿನಲ್ಲಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಏನು ಮಾಡುತ್ತಿದ್ದ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವನು ಒಂದು ಕಾಲೇಜು ಹಾಸ್ಟೆಲಿನ ಮೆಸ್ಸಿನಲ್ಲಿ ಸಾಂಬಾರು ಬಡಿಸುತ್ತಿದ್ದ. ಜಮೀನಿದ್ದ ಮನೆಯ ಮಗ ಎಂಜಲು ತಟ್ಟೆಗಳ ನಡುವೆ ಓಡಾಡಿದ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಿದ್ದ. ಇಷ್ಟು ವರ್ಷ ಖಾಲಿ ಬಿದ್ದಿದ್ದ ಆ ಜಾಗದಲ್ಲಿ ಬಿ.ಎ. ಬಂದು ಅಳತೆ ತೆಗೆದು ಮಾಡಿಸಿದಂತೆ ಕೂತುಬಿಟ್ಟಿತು.

"ಅಂಗನ್ನು!" ಎಂದ ದ್ಯಾವಯ್ಯ. "ಅದ್ಕೇ ಇವ್ನು ಯಾವ್ದೇ ಇಸ್ಯ ಬಂದ್ರೂ ಮಧ್ಯಕ್ಕೆ ಬಾಯಿ ಆಕದು. ನಾನು ಬರೀ ಕೊಬ್ಬು ಅನ್ಕಂಡಿದ್ದೆ."

ಕಾಳಪ್ಪ ಟೀ ಅರ್ಧಕ್ಕೇ ಬಿಟ್ಟು ಹೊರಟ. ಸೀದಾ ಚಿಕ್ಕಸ್ವಾಮಿಯ ಮನೆಗೇ ಹೋದ. ಚಿಕ್ಕಸ್ವಾಮಿ ಮನೆ ತಲುಪುವಷ್ಟರಲ್ಲಿ ಹೆಂಡತಿ ಚಿಕ್ಕಬೋರಮ್ಮ ಹುಲ್ಲಿನ ಹೊರೆ ಅಂಗಳದಲ್ಲಿ ಎಸೆದು, ಕುಡುಗೋಲು ಹಿಡಿದೇ ನಿಂತಿದ್ದಳು. ಅವಳು ಗಂಡನ ಮಾತನ್ನು ನಂಬಿದ ಸಂದರ್ಭಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೂ ಒಂದಾಯಿತು.

"ಬನ್ನಿ ಬಿ.ಎ. ಸಾಯೇಬ್ರೆ! ನಮ್ಮಪ್ಪ ಸಾಯಗಂಟ ಕೊರಗ್ದ, ಓದ್ದೋನ್ಗೆ ಮಗಳ್ನ ಕೊಡಕಾಗ್ಲಿಲ್ವಲ್ಲಾ ಅಂತ. ಮನೇಲೇ ಬಿ.ಎ. ಇಟ್ಕಂಡು ನಾನು ಇಷ್ಟು ವರ್ಸ ಸಗಣಿ ಬಾಚ್ದೆ! ಆ ಕಿಕ್ಕೇರಿ ನನ್ ತಂಗಿ, ಗಂಡ ಡಿಪ್ಲೊಮಾ ಅಂತ ಮೂಗ್ ಮೇಲೆ ಮಾಡ್ಕಂಡು ಓಡಾಡ್ತಾಳೆ. ಒಂದ್ ಮಾತು, ಒಂದೇ ಒಂದ್ ಮಾತು ಯೋಳಿದ್ರೆ ನಿನ್ ಗಂಟು ಓಗ್ತಿತ್ತಾ?"

"ಲೇ ಬೋರಿ, ಅದು ಅಂಗಲ್ಲ ಕಣೆ..."

"ಎಂಗೂ ಅಲ್ಲ! ನಿಮ್ಮಪ್ಪ ನಿನ್ನ ಓದ್ಸವ್ನೆ. ನೀನು ಓದ್ಕಂಡು, ಮಗಳ ಸರದಿ ಬಂದಾಗ ಪ್ರಯೋಜನ ಇಲ್ಲ ಅಂತೀಯಾ? ತಾನುಂಡು ಮಿಕ್ಕೋರ್ಗೆ ಅಳಸೋಯ್ತು ಅನ್ನೋ ಜಾತಿ!"

ಬಾಗಿಲಲ್ಲಿ ಅರ್ಪಿತ ನಿಂತಿದ್ದಳು. ನಾಲ್ಕು ದಿನ ಅತ್ತು ಅವಳ ಕಣ್ಣು ಊದಿತ್ತು. ಈಗ ಮೊದಲ ಸಲ ಅದರಲ್ಲಿ ಬೆಳಕು ಬಂದಿತ್ತು.

"ಅಪ್ಪ, ನೀನು ಓದಿ ಕೆಟ್ಟಿದ್ರೆ ಕೆಟ್ಟೆ ಬುಡು. ನಾನೂ ಒಂದ್ಸಲ ಓದಿ ಕೆಡ್ತೀನಿ," ಎಂದಳು.

ನಿಜ ಹೇಳಿದರೆ ಕಿರಂಗೂರಿನಿಂದ ಕಿಕ್ಕೇರಿವರೆಗೆ ನಗೆಪಾಟಲು. ಹೇಳದಿದ್ದರೆ ಎರಡು ಹಸು ಹೋದವು. ಇಂಥ ಇಕ್ಕಟ್ಟಿನಲ್ಲಿ ಬುದ್ಧಿವಂತರು ಯೋಚಿಸುತ್ತಾರೆ. ಚಿಕ್ಕಸ್ವಾಮಿ "ಆಯ್ತು, ಸೇರ್ಸನಾ" ಎಂದುಬಿಟ್ಟ. ಮಗಳ ಮುಖ ನೋಡಿ ಬಾಯಿ ತಾನಾಗಿಯೇ ಹಾಗೆಂದಿತು, ಅವನನ್ನು ಕೇಳಲಿಲ್ಲ.

ಮಾರನೆಯ ದಿನದಿಂದ ಊರಿನ ಇಂಗ್ಲಿಷೆಲ್ಲ ಅವನ ಜಗಲಿಗೆ ಬಂದು ಬೀಳತೊಡಗಿತು. ಔಷಧಿ ಡಬ್ಬಿ, ವಿಮೆ ಕಾಗದ, ದ್ಯಾವಯ್ಯನ ಹೊಸ ಮೊಬೈಲಿನಲ್ಲಿ ಬಂದ ಮೆಸೇಜು, ಎಲ್ಲವೂ ಬಂದವು. ಚಿಕ್ಕಸ್ವಾಮಿ ಕನ್ನಡಕ ಹಾಕಿಕೊಂಡು, ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ನಿಟ್ಟುಸಿರು ಬಿಟ್ಟು, "ನಮ್ ಕಾಲದ ಸಿಲಬಸ್ಸಲ್ಲಿ ಇದು ಇರ್ಲಿಲ್ಲ ಕಣ್ಲಾ," ಎನ್ನುತ್ತಿದ್ದ. ಜನ ಒಪ್ಪಿಕೊಂಡು ಹೋಗುತ್ತಿದ್ದರು. ಡಿಗ್ರಿ ಮಾಡಿದ ಅವರವರ ಮಕ್ಕಳೂ ಹೀಗೇ ಹೇಳುತ್ತಿದ್ದರಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಆಮೇಲೆ ಸನ್ಮಾನ ಬಂತು. ನಮ್ಮ ಕಡೆ ಸನ್ಮಾನಕ್ಕೆ ಕಾರಣ ಬೇಕಿಲ್ಲ, ಮನುಷ್ಯ ಸಿಕ್ಕರೆ ಸಾಕು. ಹಾಲಿನ ಡೇರಿಯವರ ವಾರ್ಷಿಕ ಸಭೆಗೆ ಆ ವರ್ಷ ಯಾರೂ ಸಿಕ್ಕಿರಲಿಲ್ಲ. ವೃತ್ತದಲ್ಲಿ ಫ್ಲೆಕ್ಸು ಎದ್ದಿತು: "ಎಲೆಮರೆಯ ಕಾಯಿ, ಕಿರಂಗೂರಿನ ಹೆಮ್ಮೆ, ಶ್ರೀ ಚಿಕ್ಕಸ್ವಾಮಿ ಬಿ.ಎ. ಅವರಿಗೆ ಹಾರ್ದಿಕ ಅಭಿನಂದನೆಗಳು." ಅದರಲ್ಲಿ ಅಭಿಮಾನಿಗಳ ಮುಖಗಳೆಲ್ಲ ದೊಡ್ಡದಾಗಿದ್ದವು. ಚಿಕ್ಕಸ್ವಾಮಿಯದು ಮೂಲೆಯಲ್ಲಿ, ನಿಜಕ್ಕೂ ಎಲೆಯ ಮರೆಯಲ್ಲಿತ್ತು.

ಇದನ್ನು ಕಂಡು ಉರಿದುಹೋದವರು ನಾಗರಾಜು ಮೇಷ್ಟ್ರು. ಕೆ.ಆರ್. ಪೇಟೆ ಕಡೆಯಿಂದ ಹೈಸ್ಕೂಲಿಗೆ ವರ್ಗವಾಗಿ ಬಂದು ಕಿರಂಗೂರಿನಲ್ಲೇ ಮನೆ ಕಟ್ಟಿಕೊಂಡವರು. ಗೇಟಿನ ಮೇಲೆ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬಿ.ಎ., ಬಿ.ಇಡಿ. ಕೆತ್ತಿಸಿದ್ದರು. ಊರಲ್ಲಿ ಮಾತೆತ್ತಿದರೆ ಮೇಷ್ಟ್ರನ್ನು ಕೇಳಿ ಎನ್ನುತ್ತಿದ್ದ ಜನ ಈಗ ಅವರ ಗೇಟು ದಾಟಿ ಚಿಕ್ಕಸ್ವಾಮಿಯ ಜಗಲಿಗೆ ಹೋಗುತ್ತಿದ್ದರು. ಅತಿಥಿಯಾಗಿ ಕರೆದಾಗ ಮೇಷ್ಟ್ರು ಒಪ್ಪಿದ್ದು ಒಂದೇ ಉದ್ದೇಶಕ್ಕೆ. ಮೈಕಿನಲ್ಲೇ ಮಾನ ತೆಗೆಯಬೇಕು.

ವೇದಿಕೆಯ ಮೇಲೆ ಚಿಕ್ಕಸ್ವಾಮಿಗೆ ಶಾಲು ಹೊದಿಸಿ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಮೂಗಿನವರೆಗೆ ಇಳಿಯಿತು. ಅವನಿಗೆ ಅದೇ ಅನುಕೂಲವಾಯಿತು.

"ಬಿ.ಎ.ನಲ್ಲಿ ಯಾವ ವಿಷಯ ತಗೊಂಡಿದ್ರಿ?" ಎಂದು ಮೈಕಿನಲ್ಲಿ ಕೇಳಿದರು ಮೇಷ್ಟ್ರು.

"ಎಲ್ಲಾನೂ," ಎಂದಿತು ಪೇಟ.

"ಎಲ್ಲಿ ಇದ್ರಿ?"

ಚಿಕ್ಕಸ್ವಾಮಿ ಹಾಸ್ಟೆಲಿನ ಹೆಸರು ಹೇಳಿದ. ಮೇಷ್ಟ್ರು ಬೆಚ್ಚಿದರು. ಅವರೂ ಅದೇ ಹಾಸ್ಟೆಲಿನವರು.

"ಹಾಗಾದರೆ ಅಲ್ಲಿ ವಿಶೇಷ ಏನಿತ್ತು, ಹೇಳಿ ನೋಡೋಣ!"

"ಭಾನ್ವಾರ ಕಡ್ಲೆಬೇಳೆ ಪಾಯ್ಸ. ಬುಧವಾರ ಸಂಜೆ ಬೋಂಡ, ತಲೆಗೊಂದು. ಹಬ್ಬದ ದಿನ ಹಪ್ಳ. ಭಟ್ರು ಮಲಗಿದ್ರೆ ಎರಡು."

ಮೂರು ವರ್ಷದ ಬಿ.ಎ.ಯಲ್ಲಿ ಮೇಷ್ಟ್ರಿಗೂ ನೆನಪುಳಿದಿದ್ದದ್ದು ಇಷ್ಟೇ. ರಾಜರ ಹೆಸರುಗಳು ಹೋಗಿದ್ದವು, ಇಸವಿಗಳು ಹೋಗಿದ್ದವು, ಬುಧವಾರದ ಬೋಂಡ ಉಳಿದಿತ್ತು. ಮುಂದೆ ಬಂದು ಪೇಟವನ್ನು ಮೆಲ್ಲಗೆ ಮೇಲೆತ್ತಿ ಮುಖ ನೋಡಿದರು.

"ಈ ಊರಿಗೆ ಬಂದ ದಿನದಿಂದ ಈ ಮುಖ ಎಲ್ಲೋ ನೋಡಿದೀನಲ್ಲಾ ಅನ್ನಿಸ್ತಿತ್ತು. ಬಂಧುಗಳೇ, ಇವರು ನನ್ನ ಸಹಪಾಠಿ! ದಿನಾ ನೋಡ್ತಿದ್ದೆ! ಒಂದು ದಿನವೂ ತಪ್ಪಿಸಿಕೊಂಡವರಲ್ಲ!"

ಚಪ್ಪಾಳೆ ಡೇರಿಯ ಶೀಟಿಗೆ ಬಡಿದು ಮರಳಿತು. ಮೇಷ್ಟ್ರು ತಬ್ಬಿಕೊಂಡರು. ಚಿಕ್ಕಸ್ವಾಮಿಗೆ ಮಾತ್ರ ಅವರ ಗುರುತೇ ಹತ್ತಲಿಲ್ಲ. ಬಡಿಸುವವನು ತಟ್ಟೆ ನೋಡುತ್ತಾನೆ, ಕೈ ನೋಡುತ್ತಾನೆ, ಮುಖ ಯಾರು ನೋಡುತ್ತಾರೆ?

ಅಂತೂ ಅಡ್ಮಿಷನ್ನಿನ ಕೊನೆಯ ದಿನ ಬಂತು. ನಮ್ಮ ಕಡೆ ಯಾರೂ ಆಫೀಸಿಗೆ ಒಬ್ಬರೇ ಹೋಗುವುದಿಲ್ಲ. ಪಹಣಿ ತರಲು ಹೋದರೂ ಹಿಂದೆ ನಾಲ್ವರು ಇರಬೇಕು. ಒಬ್ಬ ಮಾತಾಡಲು, ಒಬ್ಬ ಹೌದೆನ್ನಲು, ಒಬ್ಬ ಜೋರು ಮಾಡಲು, ಇನ್ನೊಬ್ಬ ಸಮಾಧಾನ ಮಾಡಲು. ಅಭಿಲಾಷನ ಓಮ್ನಿಯಲ್ಲಿ ಅಪ್ಪ, ಅವ್ವ, ಮಗಳ ಜೊತೆ ಕಾಳಪ್ಪ, ಅಂಗಡಿಗೆ ಬೀಗ ಹಾಕಿದ ದ್ಯಾವಯ್ಯ, ಮುಂದಿನ ಸೀಟಿನಲ್ಲಿ ಸಹಪಾಠಿ ನಾಗರಾಜು ಮೇಷ್ಟ್ರು. ಪಾಂಡವಪುರ ದಾಟಿ, ಜಕ್ಕನಹಳ್ಳಿಯಲ್ಲಿ ಇಡ್ಲಿ ತಿಂದು, ನಾಗಮಂಗಲ ಮುಟ್ಟಿ, ವಿಶ್ವವಿದ್ಯಾಲಯದ ಕಚೇರಿಗೆ ದಂಡು ನುಗ್ಗಿತು.

ಅಲ್ಲಿ ರಮ್ಯಶ್ರೀ ಎಂಬ ಮೇಡಂ ಕೂತಿದ್ದರು. ಫೀಸಿನ ಮೇಲೆ ಹಾಸ್ಟೆಲಿನದು, ಲ್ಯಾಬಿನದು ಎಂದು ಒಂದೊಂದಾಗಿ ಸೇರಿಸುತ್ತಾ ಹೋದರು. ಚಿಕ್ಕಸ್ವಾಮಿ ಪಂಚೆಯ ಗಂಟಿನಲ್ಲಿ ತಂದಿದ್ದದ್ದು ಅರ್ಧ ದಾರಿಗೂ ಬರಲಿಲ್ಲ. ಅರ್ಪಿತ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ಚಿಕ್ಕಸ್ವಾಮಿಗೆ ನೋಡಲಾಗಲಿಲ್ಲ. ಹಸುಗಳು ಎಂದೋ ಮರೆತುಹೋಗಿದ್ದವು. ಈ ಹುಡುಗಿಯನ್ನು ಇಲ್ಲಿಂದ ವಾಪಸು ಕರೆದುಕೊಂಡು ಹೋಗಬಾರದು ಎಂಬುದೊಂದೇ ಅವನ ತಲೆಯಲ್ಲಿತ್ತು.

ಮೇಡಮ್ಮಿಗೂ ಅಯ್ಯೋ ಎನ್ನಿಸಿತೇನೋ. "ಒಂದು ದಾರಿ ಇದೆ," ಎಂದರು. "ತಂದೆ ತಾಯಿ ಇಬ್ಬರೂ ಡಿಗ್ರಿ ಓದಿರದಿದ್ದರೆ ನಮ್ಮ ಟ್ರಸ್ಟಿನಿಂದ ಅರ್ಧಕ್ಕಿಂತ ಹೆಚ್ಚು ಮಾಫಿ. ನಿಮ್ಮ ಮನೆಯಲ್ಲಿ ಯಾರಾದರೂ ಓದಿದಾರಾ?"

"ಯಾರೂ ಇಲ್ಲ ಮೇಡಂ! ನಾನು ಎಸ್ಸೆಲ್ಸಿ ಫೇಲು!" ಚಿಕ್ಕಸ್ವಾಮಿಯ ಎದೆಯ ಮೇಲಿಂದ ಬಂಡೆಯೊಂದು ಜಾರಿದಂತಾಯಿತು. ಅದು ಜಾರಿ ಎಲ್ಲಿ ಬೀಳುತ್ತದೆ ಎಂದು ಅವನು ನೋಡಿರಲಿಲ್ಲ.

"ಏನಂದೆ?" ಎಂದಳು ಚಿಕ್ಕಬೋರಮ್ಮ.

"ಮೇಡಂ, ಇವ್ರು ಯಾವಾಗ್ಲೂ ಇಂಗೇ," ಎಂದು ಕಾಳಪ್ಪ ನಗುತ್ತಾ ಮುಂದೆ ಬಂದ. "ಇಷ್ಟು ವರ್ಸ ಕಟ್ಕಂಡ ಎಂಡ್ತಿಗೇ ಯೋಳಿರ್ಲಿಲ್ಲ. ಬಿ.ಎ. ಆಗವ್ರೆ! ನೋಡಿ ಬೇಕಾದ್ರೆ!" ಮೊಬೈಲು ತೆಗೆದು ಫ್ಲೆಕ್ಸು ತೋರಿಸಿದ, ಪೇಟ ತೋರಿಸಿದ, ಚಪ್ಪಾಳೆಯ ವಿಡಿಯೊ ಹಾಕಿದ.

"ವಿದ್ಯೆ ಇದ್ದೋರ್ಗೆ ವಿನಯ ಇರ್ತದೆ ಮೇಡಂ," ಎಂದು ದ್ಯಾವಯ್ಯ ಹೌದೆಂದ.

"ಸುಳ್ಳು ಮೇಡಂ! ನಾನು ಸಾಂಬಾರು ಬಡಿಸ್ತಿದ್ದೆ!"

"ನೋಡುದ್ರಾ, ಎಷ್ಟು ವಿನಯ!"

ಮೇಡಂ ಕನ್ನಡಕ ತೆಗೆದಿಟ್ಟರು. "ಓದಿದೀನಿ ಅಂತ ಸುಳ್ಳು ಹೇಳೋರನ್ನ ದಿನಾ ನೋಡ್ತೀನಿ ಯಜಮಾನರೇ. ಓದಿಲ್ಲ ಅಂತ ಸುಳ್ಳು ಹೇಳೋರನ್ನ ಇವತ್ತೇ ನೋಡಿದ್ದು."

"ಬೇಕಾದ್ರೆ ಪರೀಕ್ಷೆ ಮಾಡಿ! ಯಾವ್ದಾದ್ರೂ ಇಂಗ್ಲಿಷ್ ಕೊಡಿ, ಒಂದಕ್ಷರ ಓದಿದ್ರೆ ಕೇಳಿ!"

ಮೇಡಂ ಒಂದು ಸುತ್ತೋಲೆ ಕೊಟ್ಟರು. ಚಿಕ್ಕಸ್ವಾಮಿ ಮನಸಾರೆ ತಡವರಿಸಿದ. ಜೀವಮಾನದಲ್ಲಿ ಇಷ್ಟು ಹೆಮ್ಮೆಯಿಂದ ಅವನು ಯಾವತ್ತೂ ಫೇಲಾಗಿರಲಿಲ್ಲ.

"ಇದು ಸಾಕ್ಷಿಯಾಗಲ್ಲ," ಎಂದು ಮೇಡಂ ತಲೆಯಾಡಿಸಿದರು. "ಡಿಗ್ರಿ ಆದವರೂ ಹೀಗೇ ಓದ್ತಾರೆ. ಓದಿದ್ದಕ್ಕಾದರೆ ಸರ್ಟಿಫಿಕೇಟ್ ಕೇಳಬಹುದು. ಓದದೇ ಇದ್ದದ್ದಕ್ಕೆ ಏನು ಕೇಳಲಿ? ಊರಿನವರೇ ಪದವೀಧರ ಅಂತಿದಾರೆ. ನಾಳೆ ಟ್ರಸ್ಟಿನವರು ಕೇಳಿದರೆ ನಾನೇನು ಹೇಳಲಿ?" ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ನೀವು ಸಹಪಾಠಿ ಅಂದರಲ್ಲ ಸರ್ ವಿಡಿಯೊದಲ್ಲಿ. ಇವರನ್ನ ಕ್ಲಾಸಿನಲ್ಲಿ ನೋಡಿದೀರಾ?"

ನಾಗರಾಜು ಮೇಷ್ಟ್ರು ಗೋಡೆ ಪಕ್ಕದ ಕುರ್ಚಿಗಳ ಸಾಲಿನಲ್ಲಿ ಕೂತಿದ್ದರು. ಮೈಕಿನಲ್ಲಿ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮೇಷ್ಟ್ರಾದವರಿಗೆ ಸುಲಭವೇ? "ನೋಡಿದೀನಿ... ದಿನಾ ನೋಡಿದೀನಿ," ಎಂದರು.

ಚಿಕ್ಕಸ್ವಾಮಿ ಸುತ್ತ ನೋಡಿದ. ಬಾಗಿಲ ಬಳಿ ಬೆಂಕಿ ಆರಿಸಲೆಂದು ಮರಳು ತುಂಬಿದ ಕೆಂಪು ಬಕೆಟ್ಟು ನೇತಾಡುತ್ತಿತ್ತು. ಅದನ್ನು ಕಿತ್ತುಕೊಂಡ. ಪಂಚೆ ಎತ್ತಿ ಕಟ್ಟಿದ, ಬಕೆಟ್ಟನ್ನು ಎಡ ಸೊಂಟಕ್ಕೆ ವಾಲಿಸಿದ, ಮೇಜಿನ ಮೇಲಿದ್ದ ಮೇಡಮ್ಮಿನ ಖಾಲಿ ಟೀ ಲೋಟವನ್ನೇ ಸೌಟು ಮಾಡಿಕೊಂಡ. ಕುರ್ಚಿಗಳ ಸಾಲಿನ ಆ ತುದಿಯಿಂದ, ಬಾಗಿದ ಬೆನ್ನಿನಲ್ಲಿ, ಒಂದು ಅಡ್ಡ ಓಟದಲ್ಲಿ ಬಂದ.

"ಸಾಂಬಾರ್ ಸಾಂಬಾರ್ ಸಾಂಬಾರ್! ಬಿಸಿ ಬಿಸಿ, ಕೈ ತೆಗೀರಿ, ಸಾಂಬಾರ್!"

ಕಚೇರಿಯೇ ಎದ್ದು ನಿಂತಿತು. ಅಡ್ಮಿಷನ್ನಿಗೆ ಬಂದ ಹುಡುಗರು ಕಾಲು ಮೇಲಕ್ಕೆತ್ತಿಕೊಂಡರು. ಚಿಕ್ಕಸ್ವಾಮಿ ಯಾರನ್ನೂ ನೋಡದೆ ಸಾಲು ಮುಗಿಸುತ್ತಾ ಬಂದು ಮೇಷ್ಟ್ರ ಮುಂದೆ ನಿಂತು ಲೋಟ ಬಗ್ಗಿಸಿದ.

ಮೇಷ್ಟ್ರ ಬಲಗೈ ಅವರ ಅಪ್ಪಣೆ ಕೇಳದೆ ಮೇಲೆದ್ದಿತು. ಎರಡು ಬೆರಳು ತಾವಾಗಿಯೇ ಅಲ್ಲಾಡಿದವು.

"ತಳದಿಂದ ಹಾಕಪ್ಪಾ, ತಳದಿಂದ! ಬರೀ ನೀರು ಬೇಡ!" ಎಂದುಬಿಟ್ಟರು.

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕೇಳಿಸಿತು. ಎತ್ತಿದ ಕೈಯನ್ನು ನೋಡಿಕೊಂಡರು. ಮರಳಿನ ಬಕೆಟ್ಟು ನೋಡಿದರು. ಬಾಗಿದವನ ಮುಖ ನೋಡಿದರು.

"ಲೋ... ಸಾಂಬಾರ್ ಸ್ವಾಮಿ! ನೀನೇನೋ!" ಎಂದರು. ಕುರ್ಚಿಯಿಂದ ಎದ್ದರು. "ಮೇಡಂ, ಇವನು ಓದಿಲ್ಲ. ನನ್ನ ಮಾತು ತಪ್ಪಾಯ್ತು. ನಾವು ಓದೋವಾಗ ಇವನು ಬಡಿಸಿದಾನೆ. ಮೂರು ವರ್ಷ ನಾನು ಹಸ್ಕೊಂಡು ಮಲಗದ ಹಾಗೆ ನೋಡ್ಕೊಂಡಿದ್ದು ಇವನು."

ಮೇಡಂ ಮಾಫಿಯ ಕಾಗದದಲ್ಲಿ ಅದನ್ನೇ ಬರೆದುಕೊಂಡರು. ಅರ್ಪಿತಳ ಸೀಟು ಉಳಿಯಿತು. ಚಿಕ್ಕಸ್ವಾಮಿ ಬಕೆಟ್ಟು ಕೆಳಗಿಟ್ಟು, ಮೇಡಮ್ಮಿನ ಲೋಟವನ್ನು ಶರಟಿಗೆ ಒರೆಸಿ, ಇದ್ದಲ್ಲೇ ಇಟ್ಟ.

ವಾಪಸು ಬರುವಾಗ ಓಮ್ನಿಯಲ್ಲಿ ಚಿಕ್ಕಬೋರಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಕಿಕ್ಕೇರಿಯ ತಂಗಿಗೆ ಏನು ಹೇಳುವುದೆಂಬ ಚಿಂತೆಯೊಂದು ಕಡೆ, ಊರ ಮುಂದೆ ಬಕೆಟ್ಟು ಹಿಡಿದ ಗಂಡನ ಮೇಲೆ ಯಾಕೋ ಉಕ್ಕಿ ಬರುತ್ತಿದ್ದ ಮಮತೆಯೊಂದು ಕಡೆ. ಕೊನೆಗೆ ಸೆರಗಿನಲ್ಲಿದ್ದ ಕಡಲೆಕಾಯಿ ಪೊಟ್ಟಣವನ್ನು ಅವನ ಕಡೆ ತಳ್ಳಿದಳು. ಅರ್ಪಿತ ಅಪ್ಪನ ತೋಳಿಗೆ ತಲೆ ಒರಗಿಸಿ ಕೂತಿದ್ದಳು, ಬಿಟ್ಟಿರಲಿಲ್ಲ.

ಚಿನಕುರಳಿ ದಾಟಿದ ಮೇಲೆ ಕಾಳಪ್ಪನಿಗೆ ತಡೆಯಲಾಗಲಿಲ್ಲ. ಮೋಸ ಹೋದ ಸಿಟ್ಟು ಅವನ ಮೂಗಿನ ತುದಿಯಲ್ಲಿತ್ತು.

"ಅಲ್ಲ ಕಣ್ಲಾ, ಒಂದಕ್ಷರ ಓದ್ದೇ ಇದ್ದೋನು, ಓದಿದ್ರೆ ಪ್ರಯೋಜನ ಇಲ್ಲ ಅಂತ ಎದೆ ತಟ್ಕಂಡು ಯೋಳುದ್ಯಲ್ಲ. ಈಗ ಯೋಳು. ಐತಾ, ಇಲ್ವಾ?"

ಚಿಕ್ಕಸ್ವಾಮಿ ಕಡಲೆಕಾಯಿ ಒಡೆದ. ಬೀಜ ಮಗಳ ಕೈಗೆ ಹಾಕಿದ.

"ಮೂರು ವರ್ಸ ತಡ್ಕಳ್ಲಾ," ಎಂದ. "ನಮ್ಮುಡ್ಗಿ ಓದ್ಕಂಡ್ ಬಂದು ಯೋಳ್ತಾಳೆ."